ಹಾರಬೇಡಿ, ಕೂರಿ: ನೀರಿನ ಮೇಲೆ ನಿಮ್ಮ ಮೊದಲ ಜಿಪ್‌ಲೈನ್

ಎರಡು ಅಟ್ಟಣೆಗಳ ನಡುವೆ ಇಳಿಜಾರಾಗಿ ಎಳೆದ ಉಕ್ಕಿನ ತಂತಿಗೆ ನೇತುಬಿದ್ದು ಜಾರುವುದೇ ಜಿಪ್‌ಲೈನ್. ನಗರದೊಳಗಿನ ನದಿ, ಕೆರೆ, ಕಾಲುವೆಗಳ ಮೇಲೆ ಕಟ್ಟುವ ಜಿಪ್‌ಲೈನ್ ಸಾಮಾನ್ಯವಾಗಿ ಚಿಕ್ಕದು. 150 ಮೀಟರ್ ತಂತಿಯ ಮೇಲೆ ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ ಜಾರಿದರೆ 13-14 ಸೆಕೆಂಡಿಗೆ ಎಲ್ಲ ಮುಗಿಯುತ್ತದೆ. ಮೊದಲ ಐದು ಸೆಕೆಂಡು ಕಣ್ಣು ಮುಚ್ಚಿಕೊಂಡಿದ್ದರೆ ಮೂರನೇ ಒಂದು ಭಾಗ ಹೋಯಿತು ಅಂತಲೇ ಲೆಕ್ಕ.

ಸರದಿಯಲ್ಲಿ ನಿಂತು ನೋಡುವಾಗ ನನಗೆ ಬೇಜಾರಾಗುವುದು ಇದಕ್ಕೇ. ಆಸೆಯಿಂದ ಬಂದವರು, ಅಷ್ಟು ಹೊತ್ತು ಕಾದವರು, ಹೊರಡುವ ಆ ಒಂದು ಗಳಿಗೆಯಲ್ಲಿ ಎಡವುತ್ತಾರೆ. ಕೆಲವರು ಈಜುಕೊಳಕ್ಕೆ ಧುಮುಕುವವರ ಹಾಗೆ ಜಿಗಿಯುತ್ತಾರೆ. ಕೆಲವರು ಒಂದು ಕಾಲು ಎತ್ತಿ, ಹೆದರಿ, ಹಿಂದಕ್ಕೆ ವಾಲಿ ಅಟ್ಟಣೆಯ ಅಂಚಿಗೆ ಬೆನ್ನು ಉಜ್ಜಿಕೊಳ್ಳುತ್ತಾರೆ. ಆಮೇಲೆ ಗಿರಗಿರ ತಿರುಗುತ್ತಾ, ಬಿಟ್ಟು ಬಂದ ಅಟ್ಟಣೆಯನ್ನೇ ನೋಡುತ್ತಾ ಆಚೆ ದಡ ಸೇರುತ್ತಾರೆ. ಕೆಳಗಿದ್ದ ನೀರನ್ನು ನೋಡಿಯೇ ಇರುವುದಿಲ್ಲ. ಸ್ವಲ್ಪ ತಿಳಿದುಕೊಂಡು ಹೋದರೆ ಇದು ಆಗುವುದಿಲ್ಲ.

1. ಯಾವ ಲೈನ್, ಯಾವ ಹೊತ್ತು

ಮೊದಲ ಸಲ ಕೂತು ಹೋಗುವ ಲೈನನ್ನೇ ಆರಿಸಿಕೊಳ್ಳಿ. ದುಬೈ ಮರೀನಾದಲ್ಲಿ ಸುಮಾರು 170 ಮೀಟರ್ ಎತ್ತರದಿಂದ ಹೊರಟು ಸುಮಾರು 1 ಕಿ.ಮೀ. ಸಾಗುವ ಲೈನ್ ಇದೆ. ಅಲ್ಲಿ ಮುಖ ಕೆಳಗೆ ಮಾಡಿ ಮಲಗಿ ಹೋಗುತ್ತಾರೆ. ನೋಡಲು ಅದ್ಭುತ, ನಿಜ. ಆದರೆ ಮಲಗಿ ಹೋಗುವಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ಎಲ್ಲವನ್ನೂ ಸಿಬ್ಬಂದಿಯೇ ಮಾಡುತ್ತಾರೆ. ಕೂತು ಹೋದರೆ ಮೈಯನ್ನು ತೂಗಿಸಿಕೊಳ್ಳುವುದು ಹೇಗೆ ಅಂತ ಗೊತ್ತಾಗುತ್ತದೆ. ಅದನ್ನು ಕಲಿತ ಮೇಲೆ ಉಳಿದದ್ದು.

ಬೆಳಿಗ್ಗೆ ಮೊದಲ ಗುಂಪಿನಲ್ಲೇ ಹೋಗಿ. ಬಿಸಿಲೇರಿದ ಮೇಲೆ ನೀರಿನ ಮೇಲೆ ಗಾಳಿ ಜಾಸ್ತಿಯಾಗುತ್ತದೆ. ನಗರದಲ್ಲಿ ಇನ್ನೊಂದು ತೊಂದರೆಯೂ ಇದೆ. ಎತ್ತರದ ಕಟ್ಟಡಗಳ ನಡುವಿನ ಸಂದಿನಲ್ಲಿ ಗಾಳಿ ಒತ್ತಿ ನುಗ್ಗುತ್ತದೆ. ದಡದಲ್ಲಿ ಎಲೆಯೂ ಅಲುಗದಿದ್ದಾಗ ನಡು ನೀರಿನಲ್ಲಿ ಪಕ್ಕದಿಂದ ಹೊಡೆಯಬಹುದು. ಗಾಳಿ ಜಾಸ್ತಿ ಅಂತ ಸಿಬ್ಬಂದಿ ನಿಲ್ಲಿಸಿದರೆ ವಾದ ಮಾಡಬೇಡಿ. ಗುಡುಗು ಕೇಳಿದರಂತೂ ಅಟ್ಟಣೆಯಿಂದ ಇಳಿದುಬಿಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಮತ್ತೆ ಹತ್ತಬಾರದು. ನೀರಿನ ಮೇಲೆ ಎಳೆದ ಉಕ್ಕಿನ ತಂತಿಗೆ ನೇತುಬೀಳಲು ಅದು ಹೊತ್ತಲ್ಲ.

2. ತೂಕ ನಿಜ ಹೇಳಿ

ಇದು ನಾಚಿಕೊಳ್ಳುವ ವಿಷಯವೇ ಅಲ್ಲ. ತಂತಿ ನೋಡಲು ನೆಟ್ಟಗಿದ್ದರೂ ನಡುವೆ ಹೊಟ್ಟೆ ಬಿಟ್ಟಿರುತ್ತದೆ. ಅರ್ಧಕ್ಕಿಂತ ಹೆಚ್ಚು ದೂರ ಇಳಿಜಾರು, ಕೊನೆಯ ಸ್ವಲ್ಪ ಮಾತ್ರ ಏರು. ವೇಗ ತಗ್ಗಲಿ ಅಂತಲೇ ಹಾಗೆ ಕಟ್ಟಿರುತ್ತಾರೆ. ಭಾರದವರು ಆ ಏರನ್ನೂ ದಾಟಿ ಜೋರಾಗಿ ಬ್ರೇಕಿಗೆ ಬರುತ್ತಾರೆ. ಹಗುರ ಇರುವವರು ಎದುರುಗಾಳಿಯಲ್ಲಿ ಏರು ಹತ್ತಲಾಗದೆ ಹಿಂದಕ್ಕೆ ಜಾರಿ, ತಂತಿ ಎಲ್ಲಿ ತಗ್ಗಿದೆಯೋ ಅಲ್ಲಿ, ಅಂದರೆ ನೀರಿನ ಮೇಲೆಯೇ, ನಿಂತುಬಿಡುತ್ತಾರೆ. ಹಾಗಾಗಿ ಕನಿಷ್ಠ ತೂಕದ ನಿಯಮವೂ ಗರಿಷ್ಠದಷ್ಟೇ ಮುಖ್ಯ. ಮಗುವಿನ ತೂಕ ಎರಡು ಕೆ.ಜಿ. ಜಾಸ್ತಿ ಹೇಳಿ ಒಳಗೆ ಬಿಡಿಸಿಕೊಳ್ಳುವ ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಗರ್ಭಿಣಿಯರು, ಬೆನ್ನು ಅಥವಾ ಕುತ್ತಿಗೆಯ ಶಸ್ತ್ರಚಿಕಿತ್ಸೆ ಆದವರು ದಡದಲ್ಲೇ ಇರಲಿ.

3. ಬಟ್ಟೆ, ಶೂ, ಫೋನು

ಲೇಸ್ ಕಟ್ಟಿದ ಶೂ, ತೊಡೆ ಮುಚ್ಚುವ ಪ್ಯಾಂಟು. ಕೂದಲನ್ನು ಬಿಗಿಯಾಗಿ ಕಟ್ಟಿ ಶರ್ಟಿನೊಳಗೆ ಸೇರಿಸಿ, ಏಕೆಂದರೆ ತಲೆಯ ಮೇಲೆ ಓಡುವುದು ರಾಟೆ. ಕೊರಳ ಸುತ್ತಿನ ಬಟ್ಟೆ, ಸರ, ಜೋತಾಡುವ ಓಲೆ ಎಲ್ಲ ತೆಗೆದಿಡಿ.

ಫೋನಿನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ನೀರಿನ ಹತ್ತಿರದ ಅಂಗಡಿಗಳಲ್ಲಿ ಕೊರಳಿಗೆ ನೇತುಹಾಕುವ ಪಾರದರ್ಶಕ ಪ್ಲಾಸ್ಟಿಕ್ ಚೀಲ ಸಿಗುತ್ತದೆ, ನೀರು ಹೋಗುವುದಿಲ್ಲ ಅಂತ. ಅದನ್ನು ಹಾಕಿಕೊಂಡು ಜಿಪ್‌ಲೈನ್ ಹತ್ತಲೇಬೇಡಿ. ಅದರ ಕ್ಲಿಪ್ಪು ಎಳೆತಕ್ಕೆ ಬಿಟ್ಟುಕೊಳ್ಳುತ್ತದೆ, ಫೋನು ನೀರುಪಾಲು. ಬಿಟ್ಟುಕೊಳ್ಳದಿದ್ದರೆ ಇನ್ನೂ ಕೆಟ್ಟದ್ದು. ದಾರ ನಿಮ್ಮನ್ನು ತಂತಿಗೆ ತೂಗಿಸುವ ಪಟ್ಟಿಗೆ ಸುತ್ತಿಕೊಂಡು ಕೊರಳನ್ನೇ ಎಳೆಯಬಹುದು. ಸೆಲ್ಫಿ ಕೋಲೂ ಬೇಡ. ಹೆಲ್ಮೆಟ್ಟಿಗೆ ಅಂಟಿನಿಂದ ಅಂಟಿಸುವ ಕ್ಯಾಮೆರಾ ಹಿಡಿಕೆಯನ್ನೂ ನಾನು ನಂಬುವುದಿಲ್ಲ, ಬೆವರು ತೇವ ತಾಗಿದರೆ ಕಿತ್ತು ಬರುತ್ತದೆ. ದಡದಲ್ಲಿರುವ ಗೆಳೆಯರ ಕೈಗೆ ಫೋನು ಕೊಟ್ಟು ವಿಡಿಯೊ ಮಾಡಿ ಅನ್ನಿ. ಆ ವಿಡಿಯೊದಲ್ಲಿ ನೀವೂ ಕಾಣುತ್ತೀರಿ, ನೀರೂ ಕಾಣುತ್ತದೆ.

4. ಹಾರ್ನೆಸ್

ಹಾರ್ನೆಸ್ ಅಂದರೆ ನಿಮ್ಮನ್ನು ಹೊರಲು ಸೊಂಟಕ್ಕೆ, ತೊಡೆಗೆ ಬಿಗಿಯುವ ಪಟ್ಟಿಗಳ ಜೋಡಣೆ. ಅದನ್ನು ತೊಡಿಸುವುದು ಸಿಬ್ಬಂದಿಯ ಕೆಲಸ. ಸರಿಯಾಗಿದೆಯಾ ಅಂತ ನೋಡಿಕೊಳ್ಳುವುದು ನಿಮ್ಮದೂ ಹೌದು. ಸೊಂಟದ ಬೆಲ್ಟು ಪ್ಯಾಂಟಿನ ಬೆಲ್ಟು ಕೂರುವ ಜಾಗದಲ್ಲಿ ಅಲ್ಲ, ಸೊಂಟದ ಮೂಳೆಗಿಂತ ಮೇಲೆ ಕೂರಬೇಕು. ಕೆಳಕ್ಕೆ ಎಳೆದು ನೋಡಿದರೆ ಜಾರಬಾರದು. ತೊಡೆಯ ಪಟ್ಟಿಗಳು ತೊಡೆಯ ನಡುವಿನಲ್ಲಿ ಇಳಿಬಿದ್ದಿರಬಾರದು, ಸಂದಿಯವರೆಗೆ ಮೇಲೆ ಬಂದಿರಬೇಕು. ಪಟ್ಟಿಯೊಳಗೆ ಚಪ್ಪಟೆ ಅಂಗೈ ತೂರಬೇಕು, ಮುಷ್ಟಿ ತೂರಬಾರದು. ಪಟ್ಟಿ ಎಲ್ಲೂ ತಿರುಚಿರಬಾರದು.

ನನ್ನ ಮೊದಲ ಸಲ ತೊಡೆಯ ಪಟ್ಟಿ ಸಡಿಲ ಇತ್ತು. ನಿಂತಾಗ ಹಾಯಾಗಿತ್ತು, ಹಾಗಾಗಿ ಸುಮ್ಮನಿದ್ದೆ. ತೂಗಿದ ಕೂಡಲೇ ಅದು ಮೇಲಕ್ಕೆ ಜಾರಿ ಕಚ್ಚಿತು. ದಡ ಸೇರುವವರೆಗೂ ಆ ನೋವು ಬಿಟ್ಟು ಬೇರೇನೂ ನೆನಪಿಲ್ಲ. ನಿಂತಾಗ ಸ್ವಲ್ಪ ಬಿಗಿ ಅನ್ನಿಸಿದರೆ ಕೂತಾಗ ಸರಿಯಾಗುತ್ತದೆ. ಜೇಬಿನ ಕೀಲಿ, ನಾಣ್ಯ ಪಟ್ಟಿಯ ಕೆಳಗೆ ಸಿಕ್ಕಿಬಿದ್ದರೆ ಅದೂ ಹೀಗೇ ಚುಚ್ಚುತ್ತದೆ, ಮೊದಲೇ ತೆಗೆದಿಡಿ. ಚಿಕ್ಕ ಮಕ್ಕಳಿಗೆ ಮತ್ತು ಹೊಟ್ಟೆ ಮುಂದೆ ಬಂದವರಿಗೆ ಸೊಂಟದ ಹಾರ್ನೆಸ್ ಸಾಲದು. ಭುಜಕ್ಕೂ ಪಟ್ಟಿ ಬರುವ ಪೂರ್ತಿ ಮೈಯ ಹಾರ್ನೆಸ್ ಕೇಳಿ. ಅದಿದ್ದರೆ ಆಯ ತಪ್ಪಿ ತಲೆಕೆಳಗಾದರೂ ಜಾರುವುದಿಲ್ಲ.

ಯುರೋಪಿನ ಮಾನದಂಡ ಪಾಲಿಸುವ ಹಾರ್ನೆಸ್ಸಿನ ಚೀಟಿಯಲ್ಲಿ ಇಎನ್ 12277 ಅಂತಲೂ, ಪರ್ವತಾರೋಹಣದ ಹೆಲ್ಮೆಟ್ಟಿನಲ್ಲಿ ಇಎನ್ 12492 ಅಂತಲೂ ಇರುತ್ತದೆ. ಚೀಟಿ ಕಿತ್ತುಹೋಗಿ, ಹೊಲಿಗೆ ಎದ್ದು, ಬಣ್ಣ ಬಿಳಚಿಕೊಂಡಿದ್ದರೆ ಬೇರೆ ಕೊಡಿ ಅನ್ನಿ. ಬಿಸಿಲಿಗೆ ನೈಲಾನ್ ಪಟ್ಟಿ ಸೊರಗುತ್ತದೆ, ನೀರಿನ ಮೇಲಿನ ಲೈನ್‌ಗಳಲ್ಲಿ ನೆರಳೇ ಇರುವುದಿಲ್ಲ ಅಲ್ವಾ.

5. ತಲೆಯೆತ್ತಿ ನೋಡಿ

ಅಟ್ಟಣೆ ಹತ್ತಿದ ಮೇಲೆ ಸಿಬ್ಬಂದಿ ನಿಮ್ಮ ಹಾರ್ನೆಸ್ಸನ್ನು ಪಟ್ಟಿ ಮತ್ತು ಕೊಕ್ಕೆಯಿಂದ ತಂತಿಯ ಮೇಲೆ ಓಡುವ ಗಾಲಿಗಳ ಟ್ರಾಲಿಗೆ ಸಿಕ್ಕಿಸುತ್ತಾರೆ. ಬಾವಿಯ ರಾಟೆಯನ್ನು ತಲೆಕೆಳಗೆ ಮಾಡಿದಂತೆ ಇದು. ರಾಟೆ ಹಗ್ಗದ ಮೇಲೆ ಓಡುತ್ತದೆ, ಕೊಡದ ಜಾಗದಲ್ಲಿ ನೀವಿರುತ್ತೀರಿ. ಕೊಕ್ಕೆಗೆ ಕ್ಯಾರಬಿನರ್ ಅನ್ನುತ್ತಾರೆ. ಅದರ ಮೈಮೇಲೆ 22 ಕೆಎನ್ (ಕಿಲೊನ್ಯೂಟನ್, ಬಲದ ಅಳತೆ) ಅಂತಲೋ ಅದರ ಆಸುಪಾಸಿನದ್ದೋ ಕೊರೆದಿರುತ್ತದೆ. ಬೀಗ ಹಾಕಿ ಉದ್ದಕ್ಕೆ ಎಳೆದರೆ ಸುಮಾರು 2,200 ಕೆ.ಜಿ.ಯ ಎಳೆತ ತಾಳುತ್ತದೆ ಅಂತ ಅರ್ಥ. ಕೊಕ್ಕೆಯ ಬಾಯಿ ತೆರೆದಿದ್ದರೆ ಇದರ ಅರ್ಧವನ್ನೂ ತಾಳುವುದಿಲ್ಲ. ಹಾಗಾಗಿ ಬೀಗ ತಿರುಗಿಸಿದ್ದಾರಾ ಅಂತ ಕಣ್ಣಾರೆ ನೋಡಿ. ಜೋಡಣೆ ಎರಡು ಇರಬೇಕು. ಒಂದು ಭಾರ ಹೊರುವುದು, ಇನ್ನೊಂದು ಅದು ಕೈಕೊಟ್ಟರೆ ಹಿಡಿಯುವುದು. ಎರಡನೆಯದು ಕಾಣದಿದ್ದರೆ "ಇನ್ನೊಂದು ಎಲ್ಲಿದೆ?" ಅಂತ ಕೇಳಿ. ಒಳ್ಳೆಯ ಸಿಬ್ಬಂದಿ ತೋರಿಸುತ್ತಾರೆ, ಸಿಡುಕುವುದಿಲ್ಲ. ನೀವಾಗಿ ಯಾವ ಕೊಕ್ಕೆಯನ್ನೂ ಮುಟ್ಟಬೇಡಿ.

ಕೆಳಗೆ ನೀರಿದೆ, ಬಿದ್ದರೂ ಪರವಾಗಿಲ್ಲ ಅನ್ನುವ ಮಾತು ಪ್ರತಿ ಸರದಿಯಲ್ಲೂ ಕೇಳಿಸುತ್ತದೆ. 10 ಮೀಟರ್ ಎತ್ತರದಿಂದ ಬಿದ್ದವರು ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ನೀರಿಗೆ ಬಡಿಯುತ್ತಾರೆ. ನೀರು ಹಾಸಿಗೆಯಲ್ಲ. ನಿಮ್ಮನ್ನು ಕಾಯುವುದು ಹಾರ್ನೆಸ್ಸು ಮತ್ತು ಆ ಎರಡು ಜೋಡಣೆ.

6. ಹೊರಡುವುದು

ಎಲ್ಲರೂ ತಪ್ಪುವುದು ಇಲ್ಲೇ. ನಿಧಾನವಾಗಿ ಓದಿ.

ಅಟ್ಟಣೆಯ ಅಂಚಿನಲ್ಲಿ ನಿಂತಾಗ ನಿಮ್ಮ ಭಾರ ಕಾಲಿನ ಮೇಲಿರುತ್ತದೆ. ಹೊರಟ ಮೇಲೆ ಭಾರ ತಂತಿಯ ಮೇಲಿರುತ್ತದೆ. ಈ ಬದಲಾವಣೆ ಗಾಳಿಯಲ್ಲಿ ಆಗಬಾರದು, ಅಟ್ಟಣೆಯ ಮೇಲೆಯೇ ಆಗಬೇಕು. ಜಿಗಿದರೆ ಮೊದಲು ಮೇಲೆ ಹೋಗುತ್ತೀರಿ, ಟ್ರಾಲಿಗೆ ಸೇರಿಸಿದ ಪಟ್ಟಿ ಸಡಿಲವಾಗುತ್ತದೆ, ಮರುಕ್ಷಣ ಪಟ್ಟಿ ಝಟ್ಟನೆ ಬಿಗಿದು ಇಡೀ ಮೈ ಕುಲುಕುತ್ತದೆ. ಆ ಕುಲುಕಾಟದಲ್ಲೇ ಮೈ ತಿರುಗಲು ಶುರುವಾಗುವುದು. ಹೆದರಿಕೆ ಹೆಚ್ಚುವುದೂ ಅಲ್ಲಿಂದಲೇ.

ಹೀಗೆ ಮಾಡಿ. ಸಿಬ್ಬಂದಿ ನಿಮ್ಮನ್ನು ಸಿಕ್ಕಿಸಿ, ಇನ್ನೂ ಹಿಡಿದುಕೊಂಡಿರುವಾಗಲೇ, "ಒಂದು ಸಲ ಕೂತು ನೋಡಲಾ?" ಅಂತ ಕೇಳಿ. ಕಾಲು ನೆಲದ ಮೇಲೇ ಇರಲಿ. ಮೊಣಕಾಲು ಬಗ್ಗಿಸುತ್ತಾ, ಹಿಂದೆ ಕುರ್ಚಿ ಇದೆ ಅನ್ನುವ ಹಾಗೆ ಮೆಲ್ಲಗೆ ಕೂರಿ. ಪಟ್ಟಿ ಬಿಗಿಯುತ್ತದೆ. ತೊಡೆಯ ಕೆಳಗೆ ಹಾರ್ನೆಸ್ ಹಿಡಿದುಕೊಂಡದ್ದು ಗೊತ್ತಾಗುತ್ತದೆ. ಟ್ರಾಲಿ ಸಣ್ಣಗೆ ಕಿರ್ ಅನ್ನುತ್ತದೆ, ತಂತಿ ಒಂದಿಷ್ಟು ತಗ್ಗುತ್ತದೆ. ಅದೇನೂ ತೊಂದರೆಯಲ್ಲ, ಹಾಗೆ ಆಗಲೇಬೇಕು. ಪೂರ್ತಿ ಭಾರ ಬಿಟ್ಟು ಒಂದು ಉಸಿರು ಒಳಗೆ, ಒಂದು ಹೊರಗೆ. ಈಗ ಕಾಲು ನೆಲಕ್ಕೆ ಸುಮ್ನೆ ತಾಗಿಕೊಂಡಿದೆ ಅಷ್ಟೇ.

ಪಟ್ಟಿ ಬಿಗಿಯದೆ ಕುಂಡೆ ನೆಲ ಮುಟ್ಟುವಷ್ಟು ತಗ್ಗಿದರೆ ಪಟ್ಟಿ ಉದ್ದವಾಗಿದೆ ಅಂತ ಅರ್ಥ. ಆಗಲೇ ಹೇಳಿ, ಗಿಡ್ಡ ಮಾಡಿಕೊಡುತ್ತಾರೆ.

ಇನ್ನು ಕೈ. ಟ್ರಾಲಿಗೆ ಹಿಡಿ ಇದ್ದರೆ ಅದನ್ನು, ಇಲ್ಲದಿದ್ದರೆ ಮುಖದ ಎದುರಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಹಿಡಿದುಕೊಳ್ಳುವುದು ಮೈ ನೇರ ಇರಲಿ ಅಂತ, ನೇತಾಡಲು ಅಲ್ಲ. ತೋಳಿನಲ್ಲಿ ಜೋತುಬೀಳಬೇಡಿ. ತಂತಿಯನ್ನು ಮುಟ್ಟಲೇಬೇಡಿ, ಟ್ರಾಲಿಯ ಮುಂದೆಯಂತೂ ಬೆರಳೂ ಹೋಗಬಾರದು. ಅಲ್ಲಿ ಬೆರಳು ಇಟ್ಟರೆ ಗಾಲಿ ಅದರ ಮೇಲೆ ಹರಿಯುತ್ತದೆ. ತೊಗಲಿನ ಕೈಗವಸಿನಿಂದ ತಂತಿ ಒತ್ತಿ ಬ್ರೇಕ್ ಹಾಕುವ ಹಳೆಯ ಮಾದರಿಯ ಲೈನ್‌ಗಳೂ ಇವೆ. ಅಲ್ಲೂ ಕೈ ಟ್ರಾಲಿಯ ಹಿಂದೆಯೇ ಇರಬೇಕು. ತಂತಿ ಒದ್ದೆಯಾದರೆ ಆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಮೊದಲ ಸಲದವರಿಗೆ, ಅದೂ ನೀರಿನ ಮೇಲೆ, ಕೈಬ್ರೇಕಿನ ಲೈನ್ ಬೇಡವೇ ಬೇಡ ಅಂತ ನನ್ನ ಖಂಡಿತ ಅಭಿಪ್ರಾಯ. ಬ್ರೇಕು ತಾನಾಗಿ ಕೆಲಸ ಮಾಡುವ ಕಡೆಗೆ ಹೋಗಿ.

ಕಣ್ಣು ಎಲ್ಲಿರಬೇಕು? ಕಾಲಡಿಯ ನೀರಿನ ಮೇಲಲ್ಲ, ಆಚೆ ದಡದ ಅಟ್ಟಣೆಯ ಮೇಲೆ. ಅಲೆಯಾಡುವ ನೀರನ್ನು ದಿಟ್ಟಿಸಿದರೆ ಎತ್ತರ ಎಷ್ಟು ಅನ್ನುವುದು ಕಣ್ಣಿಗೆ ಸಿಗುವುದಿಲ್ಲ, ತಲೆ ತಿರುಗಿದ ಹಾಗಾಗುತ್ತದೆ. ಮರವೋ ಕಟ್ಟಡವೋ ಇದ್ದರೆ ಅಳತೆ ಸಿಗುತ್ತದೆ, ಬರೀ ನೀರಿನಲ್ಲಿ ಸಿಗುವುದಿಲ್ಲ. ಆಚೆಯ ಅಟ್ಟಣೆಯಲ್ಲಿ ಒಂದು ಗುರುತು ಹಿಡಿಯಿರಿ. ನೀರು ನೋಡಲು ಆಮೇಲೆ ಸಮಯ ಇದೆ.

ಸಿಬ್ಬಂದಿ ಹೊರಡಿ ಅಂದಾಗ ಮಾಡಬೇಕಾದ್ದು ಒಂದೇ. ಕಾಲು ಎತ್ತಿ. ತಳ್ಳಬೇಡಿ, ಓಡಬೇಡಿ, ಜಿಗಿಯಬೇಡಿ. ಆಗಲೇ ಕೂತಿದ್ದೀರಿ, ಕಾಲು ಎತ್ತಿದರೆ ಟ್ರಾಲಿ ತಾನೇ ಹೊರಡುತ್ತದೆ. ಒಂದು ಕಾಲು ಮೊದಲು, ಇನ್ನೊಂದು ಆಮೇಲೆ ಅಂತ ಮಾಡಬೇಡಿ, ಮೈ ತಿರುಗುತ್ತದೆ. ಎರಡನ್ನೂ ಒಟ್ಟಿಗೆ ಎತ್ತಿ.

ಆಗುವುದಿಲ್ಲ ಅನ್ನಿಸಿದರೆ? ಕೂತು ನೋಡುವ ಹೊತ್ತಿನಲ್ಲೇ ಎದ್ದು ನಿಂತು "ಇವತ್ತು ಬೇಡ" ಅನ್ನಿ. ಅದು ಅವಮಾನವೇ ಅಲ್ಲ. ಹಿಂದೆ ನಿಂತವರಿಗೆ ಒಂದು ಮಾತು: ಯಾರನ್ನೂ ತಳ್ಳಬೇಡಿ, "ತಳ್ಳಿಬಿಡಿ ಅವನನ್ನ" ಅಂತ ನಗಬೇಡಿ. ಹಾಗೆ ತಳ್ಳಿಸಿಕೊಂಡ ಒಬ್ಬ ಹುಡುಗಿ ಆಚೆ ದಡದಲ್ಲಿ ಅಳುತ್ತಾ ಇಳಿದದ್ದನ್ನು ನೋಡಿದ್ದೇನೆ. ಅವಳು ಮತ್ತೆ ಯಾವತ್ತೂ ತಂತಿ ಹತ್ತಲಿಕ್ಕಿಲ್ಲ.

7. ಗಾಳಿಯಲ್ಲಿ

ಮೊಣಕಾಲು ಎದೆಯತ್ತ ಮಡಚಿದರೆ ಗಾಳಿಯ ತಡೆ ಕಡಿಮೆ, ವೇಗ ಜಾಸ್ತಿ. ಕಾಲು ಅಗಲಿಸಿದರೆ ನಿಧಾನ. ಹಗುರ ಇದ್ದು ಎದುರುಗಾಳಿ ಇದ್ದರೆ ಮಡಚಿಕೊಳ್ಳಿ. ಮೈ ಎಡಕ್ಕೆ ತಿರುಗುತ್ತಿದ್ದರೆ ಹಿಡಿಯನ್ನೂ ಎಡಕ್ಕೇ ಮೆಲ್ಲಗೆ ತಿರುಗಿಸಿ, ಮೈ ಬಲಕ್ಕೆ ಮರಳುತ್ತದೆ. ಉಲ್ಟಾ ಅನ್ನಿಸುತ್ತದೆ, ಆದರೆ ಟ್ರಾಲಿ ತಂತಿ ಬಿಟ್ಟು ತಿರುಗಲಾರದು, ಹಾಗಾಗಿ ನೀವೇ ತಿರುಗುತ್ತೀರಿ. ನೇರವಾದಿರಾ? ಈಗ ನೀರು ನೋಡಿ. ನಿಮ್ಮ ನೆರಳು ನೀರಿನ ಮೇಲೆ ಓಡುತ್ತಿರುತ್ತದೆ, ಬೆಳಗಿನ ಬಿಸಿಲಿದ್ದರೆ.

ನಡುವೆ ನಿಂತುಬಿಟ್ಟರೆ ಕೊಕ್ಕೆ ಮುಟ್ಟದೆ, ಒದ್ದಾಡದೆ ಕೂತಿರಿ. ಸಿಬ್ಬಂದಿ ತಂತಿಯ ಮೇಲೆಯೋ ದೋಣಿಯಲ್ಲೋ ಬರುತ್ತಾರೆ. ಕಾಯುವಾಗ ಕಾಲು ಆಡಿಸುತ್ತಿರಿ, ಅಲುಗದೆ ಜೋತಾಡಿದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ.

8. ಇಳಿಯುವುದು

ಆಚೆಯವರು ಕೈಸನ್ನೆ ಮಾಡುತ್ತಾರೆ, ಅವರು ಹೇಳಿದ ಹಾಗೆ ಮಾಡಿ. ಬ್ರೇಕು ತಾಗಿದಾಗ ಜಗ್ಗಿದ ಹಾಗಾಗುತ್ತದೆ, ಕಾಲು ಮುಂದಕ್ಕೆ ತೂಗುತ್ತದೆ. ಅಟ್ಟಣೆ ಬಂತು ಅಂತ ಆತುರದಿಂದ ಕಾಲು ಚಾಚಿ ತಡೆಯಬೇಡಿ, ಕಣಕಾಲು ಉಳುಕುವುದು ಹೀಗೇ. ಮೊಣಕಾಲು ಮಡಚಿ ಎತ್ತಿಕೊಂಡೇ ಇರಿ, ನಿಲ್ಲಿ ಅಂದ ಮೇಲೆ ನಿಲ್ಲಿ. ಎರಡೂ ಜೋಡಣೆ ಬಿಚ್ಚುವವರೆಗೆ ಅಲ್ಲಿಂದ ಕದಲಬೇಡಿ.

ಮತ್ತೊಮ್ಮೆ ಹೋಗುವ ಮನಸ್ಸಾದರೆ, ಆಗೇ ಆಗುತ್ತದೆ, ಹಾರ್ನೆಸ್ ಬಿಚ್ಚುವ ಮೊದಲೇ ಹೇಳಿ. ಆದರೆ ಅಷ್ಟೊತ್ತಿಗೆ ತೊಡೆಯ ಪಟ್ಟಿ ಸಡಿಲವಾಗಿರುತ್ತದೆ. ಇನ್ನೊಮ್ಮೆ ಬಿಗಿ ಮಾಡಿಸಿಕೊಂಡೇ ಮೆಟ್ಟಿಲು ಹತ್ತಿ.