ಕಂಪನಿ ಯಾವ ರಾಜ್ಯದಲ್ಲಿ ಹುಟ್ಟಬೇಕು? ಅಮೆರಿಕದಲ್ಲಿ ನೋಂದಣಿ ಮಾಡಿಸುವ ಮುನ್ನ

ಭಾರತದಲ್ಲಿ ಕಂಪನಿಯನ್ನು ಬೆಂಗಳೂರಿನಲ್ಲಿ ನೋಂದಾಯಿಸಿದರೂ ಗುವಾಹಟಿಯಲ್ಲಿ ನೋಂದಾಯಿಸಿದರೂ ಕಾಯ್ದೆ ಒಂದೇ: 2013ರ ಕಂಪನಿ ಕಾಯ್ದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಐವತ್ತು ರಾಜ್ಯಗಳಿಗೆ ಐವತ್ತು ಕಂಪನಿ ಕಾನೂನು. ಕಚೇರಿ ಕ್ಯಾಲಿಫೋರ್ನಿಯಾದಲ್ಲಿದ್ದು, ಗೋದಾಮು ಟೆಕ್ಸಾಸ್‌ನಲ್ಲಿದ್ದರೂ ಕಂಪನಿ ಡೆಲಾವೇರ್‌ನಲ್ಲಿ ಹುಟ್ಟಿರಬಹುದು. ಹಾಗೆ ಹುಟ್ಟಿದ್ದರೆ ನಿರ್ದೇಶಕರು ಮತ್ತು ಷೇರುದಾರರ ನಡುವಿನ ಹಕ್ಕು, ಹೊಣೆ, ಮತದಾನ, ವಿಲೀನ ಎಲ್ಲವೂ ಡೆಲಾವೇರ್ ಕಾನೂನಿನ ಪ್ರಕಾರವೇ ನಡೆಯುತ್ತವೆ. ‘ಆಂತರಿಕ ವ್ಯವಹಾರ’ ಹುಟ್ಟಿದ ರಾಜ್ಯದ ಕಾನೂನಿಗೆ ಸೇರಿದ್ದು ಎಂಬ ತತ್ವವನ್ನು ಅಲ್ಲಿನ ಕೋರ್ಟುಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದಿವೆ.

ಆದ್ದರಿಂದ ರಾಜ್ಯ ಆರಿಸುವುದು ಎಂದರೆ ಮುಂದೆ ಪಾಲುದಾರರ ನಡುವೆ ಜಗಳ ಬಂದಾಗ ಯಾವ ಕಾನೂನು, ಯಾವ ನ್ಯಾಯಾಧೀಶರು ಎಂಬುದನ್ನು ಇಂದೇ ಗೊತ್ತುಮಾಡಿಕೊಳ್ಳುವುದು. ‘ಅಲ್ಲಿ ತೆರಿಗೆ ಇಲ್ಲವಂತೆ’ ಎಂದು ಡೆಲಾವೇರಿಗೋ ನೆವಾಡಾಕ್ಕೋ ಹೋಗುವವರು ಶುರುವಿನಲ್ಲೇ ದಾರಿ ತಪ್ಪುತ್ತಾರೆ. ಕಾರ್ಪೊರೇಷನ್ ಕಟ್ಟಬೇಕಾದ ಶೇ 21ರ ಫೆಡರಲ್ ತೆರಿಗೆ ಎಲ್ಲಿ ಹುಟ್ಟಿದರೂ ಅಷ್ಟೇ. ರಾಜ್ಯದ ಆದಾಯ ತೆರಿಗೆ, ಮಾರಾಟ ತೆರಿಗೆ, ಕಾರ್ಮಿಕ ಕಾನೂನು ಎಲ್ಲವೂ ದುಡಿಯುವ ಜಾಗವನ್ನು ಹಿಡಿದು ಬರುತ್ತವೆ.

ಮೊದಲು ಕೇಳಿಕೊಳ್ಳಬೇಕಾದ್ದು: ಷೇರು ಯಾರ ಕೈಯಲ್ಲಿರುತ್ತದೆ?

ಒಬ್ಬರೋ, ಗಂಡ ಹೆಂಡತಿಯೋ, ಇಬ್ಬರು ಗೆಳೆಯರೋ ಸೇರಿ ಒಂದೇ ಊರಿನಲ್ಲಿ ಹೋಟೆಲ್, ಕನ್ಸಲ್ಟಿಂಗ್, ಸಾಗಣೆಯಂಥ ವ್ಯವಹಾರ ನಡೆಸುವುದಾದರೆ, ಹೊರಗಿನ ಬಂಡವಾಳದ ಯೋಚನೆಯೂ ಇಲ್ಲದಿದ್ದರೆ, ಕಂಪನಿಯನ್ನು ವ್ಯವಹಾರ ನಡೆಯುವ ರಾಜ್ಯದಲ್ಲೇ ಹುಟ್ಟಿಸಿ. ಇದರಲ್ಲಿ ಅನುಮಾನ ಬೇಡ. ಬೇರೆ ರಾಜ್ಯದಲ್ಲಿ ಹುಟ್ಟಿಸಿದರೆ ದುಡಿಯುವ ರಾಜ್ಯದಲ್ಲಿ ‘ಹೊರರಾಜ್ಯದ ಕಂಪನಿ’ ಎಂದು ಮತ್ತೊಮ್ಮೆ ನೋಂದಾಯಿಸಬೇಕು. ಎರಡು ಕಡೆ ಶುಲ್ಕ, ಎರಡು ಕಡೆ ವಾರ್ಷಿಕ ವರದಿ, ಎರಡು ಕಡೆ ನೋಟಿಸು ತೆಗೆದುಕೊಳ್ಳುವ ಏಜೆಂಟ್. ಕ್ಯಾಲಿಫೋರ್ನಿಯಾದಲ್ಲಿ ದುಡಿಯುವ ಡೆಲಾವೇರ್ ಕಂಪನಿಗೂ ಅಲ್ಲಿನ ವರ್ಷಕ್ಕೆ ಕನಿಷ್ಠ 800 ಡಾಲರ್ ಫ್ರಾಂಚೈಸ್ ತೆರಿಗೆ, ಅಂದರೆ ರಾಜ್ಯದಲ್ಲಿ ಕಂಪನಿಯಾಗಿರುವುದಕ್ಕೇ ಕಟ್ಟುವ ತೆರಿಗೆ, ತಪ್ಪುವುದಿಲ್ಲ (ಹೊಸ ಕಾರ್ಪೊರೇಷನ್‌ಗೆ ಮೊದಲ ವರ್ಷ ಈ ಕನಿಷ್ಠ ಮೊತ್ತದಿಂದ ವಿನಾಯಿತಿ ಇದೆ). ಈ ಎರಡನೇ ನೋಂದಣಿ ಮಾಡಿಸದೆ ಬಿಟ್ಟವರಿಗೆ ಪೆಟ್ಟು ಬೀಳುವುದು ಗ್ರಾಹಕನೊಬ್ಬ ಹಣ ಕೊಡದೆ ಸತಾಯಿಸಿದಾಗ. ನೋಂದಣಿ ಆಗುವ ತನಕ ಆ ರಾಜ್ಯದ ಕೋರ್ಟಿನಲ್ಲಿ ಕಂಪನಿ ದಾವೆ ಮುಂದುವರಿಸುವಂತಿಲ್ಲ, ಜೊತೆಗೆ ದಂಡ.

ಕಂಪನಿಯ ಬದಲು ಷೇರುದಾರರೇ ಲಾಭದ ಮೇಲೆ ತೆರಿಗೆ ಕಟ್ಟುವ ಎಸ್ ಕಾರ್ಪೊರೇಷನ್ ಎಂಬ ತೆರಿಗೆ ಆಯ್ಕೆಯನ್ನು ಹಿಡಿಯುವವರು ಷೇರುದಾರರ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿ 100ಕ್ಕಿಂತ ಹೆಚ್ಚು ಷೇರುದಾರರಿರುವಂತಿಲ್ಲ, ಮತ್ತು ಅನಿವಾಸಿ ವಿದೇಶಿಯರು ಒಬ್ಬರೂ ಇರುವಂತಿಲ್ಲ. ಅಮೆರಿಕದ ಪೌರತ್ವವಾಗಲಿ ಗ್ರೀನ್ ಕಾರ್ಡಾಗಲಿ ಇಲ್ಲದೆ ಮೈಸೂರಿನಲ್ಲಿರುವ ಅಣ್ಣನಿಗೆ ಪ್ರೀತಿಯಿಂದ ಶೇ 5ರ ಪಾಲು ಬರೆದುಕೊಟ್ಟರೆ ಆ ಆಯ್ಕೆ ಅಂದೇ ಬಿದ್ದುಹೋಗುತ್ತದೆ.

ವೆಂಚರ್ ಬಂಡವಾಳ ಎತ್ತುವ, ಉದ್ಯೋಗಿಗಳಿಗೆ ಷೇರು ಕೊಡುವ, ಮುಂದೊಂದು ದಿನ ಮಾರುವ ಅಥವಾ ಷೇರುಪೇಟೆಗೆ ಹೋಗುವ ಕಂಪನಿಯಾದರೆ ಲೆಕ್ಕವೇ ಬೇರೆ. ಅಲ್ಲಿ ಡೆಲಾವೇರ್‌ನಿಂದ ಶುರುಮಾಡಿ, ಬೇರೆ ಕಡೆ ಹೋಗಲು ಗಟ್ಟಿ ಕಾರಣವಿದೆಯೇ ಎಂದು ಹುಡುಕುವುದು ವಾಡಿಕೆ.

ಡೆಲಾವೇರ್ ಯಾಕೆ?

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದೊಡ್ಡ ಕಂಪನಿಗಳೆಲ್ಲ ನ್ಯೂಜೆರ್ಸಿಗೆ ಹೋಗುತ್ತಿದ್ದವು. ಡೆಲಾವೇರ್ 1899ರಲ್ಲಿ ತನ್ನ ಕಾರ್ಪೊರೇಷನ್ ಕಾನೂನು ಮಾಡಿತು. 1913ರಲ್ಲಿ ವುಡ್ರೊ ವಿಲ್ಸನ್ ಗವರ್ನರ್ ಆಗಿದ್ದಾಗ ನ್ಯೂಜೆರ್ಸಿ ‘ಏಳು ಸಹೋದರಿಯರು’ ಎಂದು ಹೆಸರಾದ ಬಿಗಿ ಕಾಯ್ದೆಗಳನ್ನು ತಂದಾಗ ಕಂಪನಿಗಳು ಪಕ್ಕದ ಡೆಲಾವೇರಿಗೆ ದಾಟಿದವು. ಇಂದು ಅಮೆರಿಕದ ಅತಿದೊಡ್ಡ ಕಂಪನಿಗಳ ಫಾರ್ಚೂನ್ 500 ಪಟ್ಟಿಯ ಸುಮಾರು ಮೂರನೇ ಎರಡರಷ್ಟು ಕಂಪನಿಗಳ ಹುಟ್ಟೂರು ಅದೇ ಪುಟ್ಟ ರಾಜ್ಯ. ವಿಲ್ಮಿಂಗ್ಟನ್ ನಗರದ 1209 ನಾರ್ತ್ ಆರೆಂಜ್ ಸ್ಟ್ರೀಟ್ ಎಂಬ ಸಾಧಾರಣ ಕಟ್ಟಡವೊಂದೇ ಲಕ್ಷಗಟ್ಟಲೆ ಕಂಪನಿಗಳ ಕಾನೂನುಬದ್ಧ ವಿಳಾಸ. ಅಲ್ಲಿರುವುದು ರಿಜಿಸ್ಟರ್ಡ್ ಏಜೆಂಟರ ಕಚೇರಿ. ಕಂಪನಿಯ ಪರವಾಗಿ ನೋಟಿಸು, ಸಮನ್ಸು ತೆಗೆದುಕೊಳ್ಳಲು ರಾಜ್ಯದೊಳಗೆ ಒಂದು ಬೀದಿ ವಿಳಾಸ ಇರಲೇಬೇಕು. ಅಂಚೆ ಪೆಟ್ಟಿಗೆ ಸಂಖ್ಯೆ ನಡೆಯದು.

ಆದರೆ ಜನ ಹೋಗುವುದು ಕಾನೂನಿನ ಪಠ್ಯಕ್ಕಿಂತ ಹೆಚ್ಚಾಗಿ ಕೋರ್ಟಿಗಾಗಿ. 1792ರಲ್ಲಿ ಹುಟ್ಟಿದ ಚಾನ್ಸೆರಿ ಕೋರ್ಟಿನಲ್ಲಿ ಜ್ಯೂರಿ ಇಲ್ಲ. ಅಲ್ಲಿನ ನ್ಯಾಯಾಧೀಶರಾದ ಒಬ್ಬ ಚಾನ್ಸಲರ್, ಆರು ವೈಸ್ ಚಾನ್ಸಲರ್‌ಗಳು ಕಂಪನಿ ವ್ಯಾಜ್ಯಗಳಲ್ಲೇ ಪಳಗಿದವರು. ತೀರ್ಪಿಗೆ ಕಾರಣಗಳನ್ನು ಉದ್ದಕ್ಕೆ ಬರೆದುಕೊಡುತ್ತಾರೆ. ಮೇಲ್ಮನವಿ ನೇರವಾಗಿ ರಾಜ್ಯದ ಸುಪ್ರೀಂ ಕೋರ್ಟಿಗೆ. ನೂರು ವರ್ಷಕ್ಕೂ ಮೀರಿದ ತೀರ್ಪುಗಳ ರಾಶಿ ಇರುವುದರಿಂದ ‘ನಿರ್ದೇಶಕರ ಮಂಡಳಿ ಹೀಗೆ ಮಾಡಿದರೆ ಏನಾದೀತು’ ಎಂಬ ಪ್ರಶ್ನೆಗೆ ವಕೀಲರು ಅಂದಾಜಿನ ಉತ್ತರವನ್ನಾದರೂ ಕೊಡಬಲ್ಲರು.

ಆ ಕೋರ್ಟಿನ ಕೈ ಎಷ್ಟು ಉದ್ದ ಎಂಬುದಕ್ಕೆ ಟ್ರಾನ್ಸ್‌ಪರ್ಫೆಕ್ಟ್ ಎಂಬ ಅನುವಾದ ಕಂಪನಿಯ ಪ್ರಕರಣ ನೋಡಿ. ಕಚೇರಿ ನ್ಯೂಯಾರ್ಕಿನಲ್ಲಿ, ಒಳ್ಳೆಯ ಲಾಭ, ಇಬ್ಬರು ಸ್ಥಾಪಕರು. ಅರ್ಧ ಪಾಲು ಒಬ್ಬರದು. ಉಳಿದರ್ಧ ಇನ್ನೊಬ್ಬರು ಮತ್ತು ಅವರ ತಾಯಿಯದು. ಮಂಡಳಿಯಲ್ಲಿ ಇಬ್ಬರೂ ಸಮಾನರು. ಮಾತು ಮುರಿದ ಮೇಲೆ ಯಾವ ನಿರ್ಣಯವೂ ದಾಟಲಿಲ್ಲ. ಕಂಪನಿ ಹುಟ್ಟಿದ್ದು ಡೆಲಾವೇರ್‌ನಲ್ಲಾದ್ದರಿಂದ ಚಾನ್ಸೆರಿ ಕೋರ್ಟ್ 2015ರಲ್ಲಿ ಪಾಲಕರೊಬ್ಬರನ್ನು ನೇಮಿಸಿ, ಲಾಭದಲ್ಲಿದ್ದ ಕಂಪನಿಯನ್ನೇ ಮಾರಿಬಿಡಲು ಆದೇಶಿಸಿತು. 2017ರಲ್ಲಿ ಡೆಲಾವೇರ್ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಬ್ಬರು ಗೆಳೆಯರು ಅರ್ಧರ್ಧ ಹಂಚಿಕೊಂಡು ಕೈಕುಲುಕುವಾಗ, ಬಿಕ್ಕಟ್ಟು ಬಂದರೆ ಯಾರು ಯಾರ ಪಾಲನ್ನು ಯಾವ ಬೆಲೆಗೆ ಕೊಳ್ಳಬೇಕು ಎಂಬ ಒಂದು ಪುಟದ ಒಪ್ಪಂದವನ್ನು ಅದೇ ದಿನ ಬರೆದಿಟ್ಟುಕೊಳ್ಳಬೇಕು.

ನೆವಾಡಾ, ಟೆಕ್ಸಾಸ್: ಯಾರಿಗೆ ಒಳಿತು ಎಂದು ನೋಡಿ

ನೆವಾಡಾ ಕಾನೂನು ನಿರ್ದೇಶಕರ ಕಡೆಗೆ ಹೆಚ್ಚು ವಾಲಿದೆ. ನಿರ್ದೇಶಕರು ಸ್ವಂತ ಜೇಬಿನಿಂದ ನಷ್ಟ ಕಟ್ಟಿಕೊಡಬೇಕಾದರೆ ಅವರ ಕರ್ತವ್ಯಲೋಪದಲ್ಲಿ ಉದ್ದೇಶಪೂರ್ವಕ ದುರ್ನಡತೆ, ವಂಚನೆ ಅಥವಾ ಗೊತ್ತಿದ್ದೇ ಕಾನೂನು ಮುರಿದದ್ದು ಸಾಬೀತಾಗಬೇಕು. ಕಾರ್ಪೊರೇಟ್ ಆದಾಯ ತೆರಿಗೆ ಇಲ್ಲ ನಿಜ. ಆದರೆ ಕಾರ್ಪೊರೇಷನ್‌ಗೆ ವರ್ಷಕ್ಕೆ 500 ಡಾಲರ್ ಪರವಾನಗಿ ಮತ್ತು ಕನಿಷ್ಠ 150 ಡಾಲರ್ ವಾರ್ಷಿಕ ಪಟ್ಟಿ ಶುಲ್ಕ ಇದೆ. ಡೆಲಾವೇರಿಗಿಂತ ಅಗ್ಗ ಎಂಬ ಮಾತು ಚಿಕ್ಕ ಕಂಪನಿಗಳ ಮಟ್ಟಿಗೆ ನಿಲ್ಲುವುದಿಲ್ಲ.

ಟೆಕ್ಸಾಸ್‌ ಸುದ್ದಿಯಾದದ್ದು ಟೆಸ್ಲಾದಿಂದ. 2024ರ ಜನವರಿಯಲ್ಲಿ ಚಾನ್ಸೆರಿ ಕೋರ್ಟ್ ಇಲಾನ್ ಮಸ್ಕ್ ಅವರ ಸುಮಾರು 5,600 ಕೋಟಿ ಡಾಲರ್ ಸಂಭಾವನೆಯನ್ನು ರದ್ದು ಮಾಡಿತು. ಅದೇ ಜೂನ್‌ನಲ್ಲಿ ಷೇರುದಾರರು ಕಂಪನಿಯನ್ನು ಟೆಕ್ಸಾಸ್‌ಗೆ ಕೊಂಡೊಯ್ಯಲು ಮತ ಹಾಕಿದರು. (ಡೆಲಾವೇರ್ ಸುಪ್ರೀಂ ಕೋರ್ಟ್ 2025ರ ಡಿಸೆಂಬರ್‌ನಲ್ಲಿ ಆ ರದ್ದತಿಯನ್ನು ತಿರುಗಿಸಿತು.) ಟೆಕ್ಸಾಸ್‌ನ ಬಿಸಿನೆಸ್ ಕೋರ್ಟ್ ತೆರೆದದ್ದು 2024ರ ಸೆಪ್ಟೆಂಬರ್ 1ರಂದು. ಷೇರುಪೇಟೆಯಲ್ಲಿರುವ ಕಂಪನಿಯ ಪರವಾಗಿ ನಿರ್ದೇಶಕರ ಮೇಲೆ ದಾವೆ ಹೂಡುವವರು ಶೇ 3ರಷ್ಟು ಷೇರು ಹೊಂದಿರಬೇಕೆಂದು ಕಂಪನಿ ನಿಯಮ ಮಾಡಿಕೊಳ್ಳಲು 2025ರ ಕಾನೂನು ಬಿಟ್ಟುಕೊಟ್ಟಿತು. ದೊಡ್ಡ ಕಂಪನಿಯಲ್ಲಿ ಶೇ 3 ಎಂದರೆ ಸಾಮಾನ್ಯ ಹೂಡಿಕೆದಾರನ ಕೈಗೆ ಎಟುಕುವ ಮಾತಲ್ಲ. ಡೆಲಾವೇರ್ ಕೂಡ ಸುಮ್ಮನೆ ಕೂರಲಿಲ್ಲ; 2025ರ ಮಾರ್ಚ್‌ನಲ್ಲಿ ತಿದ್ದುಪಡಿ ತಂದು, ಹಿಡಿತವಿರುವ ಷೇರುದಾರರ ವ್ಯವಹಾರಗಳಿಗೆ ರಕ್ಷಣೆ ಹೆಚ್ಚಿಸಿತು, ಕಂಪನಿಯ ಕಡತ ನೋಡುವ ಷೇರುದಾರರ ಹಕ್ಕನ್ನು ಕಿರಿದು ಮಾಡಿತು.

ಹಾಗಾಗಿ ‘ಯಾವ ರಾಜ್ಯ ಒಳ್ಳೆಯದು’ ಎಂದು ಕೇಳುವಾಗ ‘ಯಾರಿಗೆ’ ಎಂಬುದನ್ನೂ ಸೇರಿಸಿ ಕೇಳಬೇಕು. ಮಂಡಳಿಯಲ್ಲಿ ಕೂತವರಿಗೆ ನೆಮ್ಮದಿ ಕೊಡುವ ನಿಯಮವೇ ಹೊರಗಿನ ಷೇರುದಾರನ ಬಾಗಿಲು ಮುಚ್ಚಬಹುದು. ಹೊಸದಾಗಿ ಬಂಡವಾಳ ಕೇಳುವವರಿಗೆ ಇದು ಮುಖ್ಯ, ಏಕೆಂದರೆ ಹಣ ಕೊಡುವವರು ಆ ಹೊರಗಿನ ಷೇರುದಾರರೇ. ಅವರ ವಕೀಲರ ಮಾದರಿ ದಾಖಲೆಗಳು ಬಹುಪಾಲು ಡೆಲಾವೇರ್ ಕಾನೂನಿಗೆ ಹೊಂದಿಸಿದವು.

ಅರ್ಜಿಯಲ್ಲಿ ಐದೇ ಸಂಗತಿ, ಆದರೆ…

ಡೆಲಾವೇರ್ ಸರ್ಟಿಫಿಕೇಟ್ ಆಫ್ ಇನ್‌ಕಾರ್ಪೊರೇಷನ್‌ನಲ್ಲಿ ಕಡ್ಡಾಯವಾಗಿ ಇರಬೇಕಾದ್ದು ಹೆಸರು, ಏಜೆಂಟರ ವಿಳಾಸ, ಉದ್ದೇಶ (‘ಕಾನೂನುಬದ್ಧವಾದ ಯಾವುದೇ ಕೆಲಸ’ ಎಂದರೆ ಸಾಕು), ಷೇರುಗಳ ಸಂಖ್ಯೆ ಮತ್ತು ಮುಖಬೆಲೆ, ನೋಂದಾಯಿಸುವವರ ಹೆಸರು ವಿಳಾಸ. ತೊಂದರೆ ಬರುವುದು ಬರೆಯದೆ ಬಿಟ್ಟದ್ದರಿಂದ. ಹೊಸ ಷೇರು ಹಂಚುವಾಗ ಹಳಬರಿಗೆ ಮೊದಲು ಕೊಡಬೇಕೆಂಬ ಹಕ್ಕು ಬರೆದಿದ್ದರೆ ಮಾತ್ರ ಉಂಟು. ಅಜಾಗರೂಕತೆಯ ತಪ್ಪಿಗೆ ನಿರ್ದೇಶಕರಿಂದ ಹಣ ವಸೂಲಿ ಮಾಡುವಂತಿಲ್ಲ ಎಂಬ ರಕ್ಷಣೆಯೂ ಹಾಗೆಯೇ: ಕಾನೂನು 1986ರಿಂದ ಅವಕಾಶ ಕೊಟ್ಟಿದೆ, 2022ರಲ್ಲಿ ಕೆಲವು ಹಿರಿಯ ಅಧಿಕಾರಿಗಳಿಗೂ ವಿಸ್ತರಿಸಿದೆ, ಆದರೆ ಸರ್ಟಿಫಿಕೇಟಿನಲ್ಲಿ ಆ ಸಾಲು ಇರಬೇಕು.

ಸ್ಥಾಪಕರು ಹಂತಹಂತವಾಗಿ ಕೈಸೇರುವ ಷೇರು ಪಡೆದರೆ, ಎಲ್ಲ ಷೇರಿಗೂ ಪಡೆದ ದಿನದ ಬೆಲೆಯ ಮೇಲೆ ಈಗಲೇ ತೆರಿಗೆ ಲೆಕ್ಕ ಹಾಕಿ ಎನ್ನುವ 83(ಬಿ) ಅರ್ಜಿ ಷೇರು ಪಡೆದ 30 ದಿನದೊಳಗೆ ಅಮೆರಿಕದ ಆದಾಯ ತೆರಿಗೆ ಇಲಾಖೆಗೆ ಹೋಗಬೇಕು. ಇದಕ್ಕೂ ರಾಜ್ಯಕ್ಕೂ ಸಂಬಂಧವಿಲ್ಲ. ಅದೇ ಗಡಿಬಿಡಿಯ ವಾರಗಳಲ್ಲಿ ಬರುವುದರಿಂದ ಮರೆತುಹೋಗುತ್ತದೆ, ಗಡುವು ದಾಟಿದರೆ ಸರಿಪಡಿಸಲು ದಾರಿಯಿಲ್ಲ.

85,165 ಡಾಲರ್‌ ನೋಟಿಸು ಬಂದರೆ

ಸ್ಟಾರ್ಟಪ್‌ಗಳು ಸಾಮಾನ್ಯವಾಗಿ 1 ಕೋಟಿ ಷೇರುಗಳಿಗೆ ಅಧಿಕಾರ ಪಡೆದು ಹುಟ್ಟುತ್ತವೆ. ಮೊದಲ ವರ್ಷ ಡೆಲಾವೇರ್‌ನಿಂದ ಬರುವ ಫ್ರಾಂಚೈಸ್ ತೆರಿಗೆಯ ಸೂಚನೆ ನೋಡಿ ಎದೆ ಧಸಕ್ಕೆನ್ನುತ್ತದೆ: 85,165 ಡಾಲರ್. ಮೊದಲ 10,000 ಷೇರಿಗೆ 250, ಆಮೇಲಿನ ಪ್ರತಿ 10,000ಕ್ಕೆ 85ರಂತೆ ಹಾಕಿದ ಲೆಕ್ಕ ಅದು. ಇದನ್ನು ಕಟ್ಟಬೇಕಾಗಿಲ್ಲ. ಇನ್ನೊಂದು ವಿಧಾನವಿದೆ, ಕಡಿಮೆ ಬರುವುದನ್ನು ಆರಿಸಿಕೊಳ್ಳಲು ಕಾನೂನೇ ಬಿಟ್ಟಿದೆ.

ಕಂಪನಿಯ ಒಟ್ಟು ಆಸ್ತಿಯನ್ನು, ಅಂದರೆ ಫೆಡರಲ್ ತೆರಿಗೆ ಫಾರ್ಮ್‌ನ ಷೆಡ್ಯೂಲ್ ಎಲ್‌ನಲ್ಲಿರುವ ಮೊತ್ತವನ್ನು, ಹಂಚಿದ ಷೇರುಗಳ ಸಂಖ್ಯೆಯಿಂದ ಭಾಗಿಸಿ. ಬಂದದ್ದನ್ನು ಅಧಿಕೃತ ಷೇರುಗಳ, ಅಂದರೆ ಹಂಚಲು ಅಧಿಕಾರವಿರುವ ಒಟ್ಟು ಷೇರುಗಳ, ಸಂಖ್ಯೆಯಿಂದ ಗುಣಿಸಿ. ಉತ್ತರವನ್ನು ಮೇಲಿನ 10 ಲಕ್ಷಕ್ಕೆ ಏರಿಸಿ, ಪ್ರತಿ 10 ಲಕ್ಷಕ್ಕೆ 400 ಡಾಲರ್ ಹಾಕಿ. 1 ಕೋಟಿ ಷೇರಿನಲ್ಲಿ 80 ಲಕ್ಷ ಹಂಚಿದ್ದು, ಆಸ್ತಿ 1 ಲಕ್ಷ ಡಾಲರ್ ಇದ್ದರೆ: ಷೇರಿಗೆ 0.0125, ಒಟ್ಟು 1.25 ಲಕ್ಷ, ತೆರಿಗೆ ಕನಿಷ್ಠ 400. ಬಂಡವಾಳ ಬಂದು ಆಸ್ತಿ 20 ಲಕ್ಷ ಡಾಲರ್ ಆದರೆ 25 ಲಕ್ಷ ಬರುತ್ತದೆ, 30 ಲಕ್ಷಕ್ಕೆ ಏರಿ ತೆರಿಗೆ 1,200. ಅದೇ ಕಂಪನಿ 80 ಲಕ್ಷದ ಬದಲು 10 ಲಕ್ಷ ಷೇರು ಮಾತ್ರ ಹಂಚಿದ್ದರೆ? 2 ಕೋಟಿ ಬರುತ್ತದೆ, ತೆರಿಗೆ 8,000. ಅಧಿಕೃತ ಷೇರುಗಳ ದೊಡ್ಡ ಭಾಗವನ್ನು ಆರಂಭದಲ್ಲೇ ಹಂಚಬೇಕು ಎಂದು ವಕೀಲರು ಹೇಳುವುದಕ್ಕೆ ಇದೂ ಒಂದು ಕಾರಣ.

ಗಡುವು ಪ್ರತಿ ವರ್ಷ ಮಾರ್ಚ್ 1. ಜೊತೆಗೆ ವಾರ್ಷಿಕ ವರದಿಗೆ 50 ಡಾಲರ್. ತಡವಾದರೆ 200 ಡಾಲರ್ ದಂಡ, ತಿಂಗಳಿಗೆ ಶೇ 1.5 ಬಡ್ಡಿ. ಒಂದು ವರ್ಷ ತೆರಿಗೆ ಕಟ್ಟದೆ ಬಿಟ್ಟರೆ ಕಂಪನಿಯ ಸನ್ನದೇ ಅನೂರ್ಜಿತ. ಸರ್ಕಾರಿ ಪತ್ರದಂತೆ ಕಾಣುವ ಖಾಸಗಿ ಬಿಲ್ಲುಗಳೂ ಅಂಚೆಯಲ್ಲಿ ಬರುತ್ತವೆ. ರಾಜ್ಯದ ಅಧಿಕೃತ ಪೋರ್ಟಲ್ ಬಿಟ್ಟು ಬೇರೆಡೆ ಹಣ ಕಟ್ಟಬೇಡಿ.

ಬೆಂಗಳೂರಿನಿಂದ ಹೊರಡುವವರಿಗೆ

ಭಾರತದ ನಿವಾಸಿ ಡೆಲಾವೇರ್ ಕಂಪನಿಯ ಷೇರು ಕೊಳ್ಳುವುದು ವಿದೇಶಿ ಹೂಡಿಕೆ. ವ್ಯಕ್ತಿಗೆ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ, ಬ್ಯಾಂಕಿನ ಮೂಲಕ ವರದಿ, 2022ರ ವಿದೇಶಿ ಹೂಡಿಕೆ ನಿಯಮಗಳ ಪಾಲನೆ. ಆ ಅಮೆರಿಕ ಕಂಪನಿ ಮರಳಿ ಭಾರತದ ಕಂಪನಿಯೊಂದರ ಒಡೆತನ ಹೊಂದಿದರೆ ಅಂಗಸಂಸ್ಥೆಗಳ ಪದರ ಎರಡನ್ನು ಮೀರಬಾರದು. ನಿರ್ಧಾರಗಳೆಲ್ಲ ಇಂದಿರಾನಗರದಲ್ಲೇ ಆಗುತ್ತಿದ್ದರೆ, ಕಂಪನಿ ಕಾಗದದಲ್ಲಿ ಅಮೆರಿಕದ್ದಾದರೂ ತೆರಿಗೆಗೆ ಭಾರತದ ನಿವಾಸಿ ಎನಿಸಿಕೊಳ್ಳಬಹುದು. ವಾರ್ಷಿಕ ವಹಿವಾಟು 50 ಕೋಟಿ ರೂಪಾಯಿ ಮೀರದ ಕಂಪನಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಮೆರಿಕದ ಕಡೆ, ವಿದೇಶಿಯೊಬ್ಬರ ಪಾಲು ಶೇ 25 ಮುಟ್ಟಿ ಅವರೊಂದಿಗೆ ವ್ಯವಹಾರವಿದ್ದರೆ ಫಾರ್ಮ್ 5472 ಸಲ್ಲಿಸಬೇಕು. ತಪ್ಪಿದರೆ ದಂಡ 25,000 ಡಾಲರ್.

ಹೋದವರು ಮರಳುವುದು ಇನ್ನೂ ದುಬಾರಿ. ಬೆಂಗಳೂರಿನ ಗ್ರೋ ಕಂಪನಿ 2024ರಲ್ಲಿ ಡೆಲಾವೇರ್‌ನಿಂದ ಭಾರತಕ್ಕೆ ವಾಸ ಬದಲಿಸಿದಾಗ ಕಟ್ಟಿದ ತೆರಿಗೆ ಸುಮಾರು 1,340 ಕೋಟಿ ರೂಪಾಯಿ. ಗ್ರಾಹಕರು, ಷೇರುಪೇಟೆ ಪ್ರವೇಶ ಎರಡೂ ಭಾರತದಲ್ಲೇ ಎಂದು ಖಚಿತವಿದ್ದರೆ, ಅಮೆರಿಕದ ಹೂಡಿಕೆದಾರರು ಒತ್ತಾಯಿಸಿದರೂ ಒಮ್ಮೆ ನಿಂತು ಯೋಚಿಸಿ.

ಅಮೆರಿಕದೊಳಗೆ ರಾಜ್ಯ ಬದಲಿಸುವುದು ಇಷ್ಟು ಕಷ್ಟವಲ್ಲ. ಡೆಲಾವೇರ್ ಕಂಪನಿ ಹೊರಹೋಗಲು ಮೊದಲು ಎಲ್ಲ ಷೇರುದಾರರ ಒಪ್ಪಿಗೆ ಬೇಕಿತ್ತು. 2022ರ ಆಗಸ್ಟ್‌ನಿಂದ ಸಾಮಾನ್ಯವಾಗಿ ಮಂಡಳಿಯ ನಿರ್ಣಯ ಮತ್ತು ಬಹುಮತ ಸಾಕು. ಟ್ರಿಪ್ ಅಡ್ವೈಸರ್ ನೆವಾಡಾಕ್ಕೆ ಹೋಗುವುದನ್ನು ಪ್ರಶ್ನಿಸಿದ ಪ್ರಕರಣದಲ್ಲಿ 2025ರ ಫೆಬ್ರುವರಿಯಲ್ಲಿ ಡೆಲಾವೇರ್ ಸುಪ್ರೀಂ ಕೋರ್ಟ್ ಮಂಡಳಿಯ ಪರ ನಿಂತಿತು: ಕಣ್ಣೆದುರು ಯಾವ ದಾವೆಯೂ ಇಲ್ಲದಾಗ, ಮುಂದೆಂದೋ ಹೊಣೆ ಹಗುರಾಗಬಹುದು ಎಂಬಷ್ಟಕ್ಕೇ ವರ್ಗಾವಣೆಯನ್ನು ಅನುಮಾನಿಸಬೇಕಿಲ್ಲ ಎಂದಿತು. ಮತಕ್ಕೆ ಮುನ್ನ ಸಾಲದ ಕರಾರು ಮತ್ತು ಹೂಡಿಕೆದಾರರ ಒಪ್ಪಂದಗಳನ್ನು ಓದಿ. ರಾಜ್ಯ ಬದಲಿಸಲು ಅವರ ಪ್ರತ್ಯೇಕ ಅನುಮತಿ ಬೇಕೆಂಬ ಷರತ್ತು ಅಲ್ಲಿರಬಹುದು. ಡೆಲಾವೇರ್ ಅಂತೂ ಆ ವರ್ಷದ ಫ್ರಾಂಚೈಸ್ ತೆರಿಗೆ ಪೂರ್ತಿ ತೀರುವ ತನಕ ಬಿಡುಗಡೆಯ ಕಾಗದ ಕೊಡುವುದಿಲ್ಲ.