ಹೊಸ ಲೆದರ್ ಜಾಕೆಟ್ ಮೈಗೆ ಒಗ್ಗಿಸುವುದು ಹೇಗೆ?

ದೀಪಾವಳಿ ಮುಗಿದು ಶಿವಮೊಗ್ಗದಲ್ಲಿ ಬೆಳಗಿನ ಇಬ್ಬನಿ ಶುರುವಾಯಿತೆಂದರೆ ಬೈಕಿನವರಿಗೆ ಜಾಕೆಟ್ ನೆನಪಾಗುತ್ತದೆ. ಆಸೆಯಿಂದ ತಂದ ದಪ್ಪ ಚರ್ಮದ ಜಾಕೆಟ್ ಮೊದಮೊದಲು ತಗಡಿನ ಅಂಗಿಯ ಹಾಗಿರುತ್ತದೆ. ಮೊಣಕೈ ಮಡಚಲು ಬಿಡುವುದಿಲ್ಲ, ಕಾಲರ್ ಕುತ್ತಿಗೆ ತರಚುತ್ತದೆ. ಹಾಗೆಂದು ಮಾಲು ಕೆಟ್ಟದ್ದಲ್ಲ. ಹಸು, ಎಮ್ಮೆಯ ದಪ್ಪ ಚರ್ಮದಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ನಾರುಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಮಡಚಿ ಬಿಚ್ಚಿದಷ್ಟೂ ಅವು ಸಡಿಲವಾಗುತ್ತವೆ. ಕುರಿ, ಮೇಕೆ ಚರ್ಮದ್ದಾದರೆ ಇಷ್ಟು ಸತಾಯಿಸುವುದಿಲ್ಲ.

ಮೊದಲು ಜೇಬಿನ ಒಳಗಡೆಯ ಕತ್ತರಿಸಿದ ಅಂಚು ನೋಡಿ. ನಾರುನಾರಾಗಿದ್ದರೆ ಚರ್ಮ. ಬಟ್ಟೆಗೆ ಪ್ಲಾಸ್ಟಿಕ್ ಪದರ ಅಂಟಿಸಿದಂತಿದ್ದರೆ ಅದು ರೆಕ್ಸಿನ್ ಜಾತಿಯದು, ಎಷ್ಟು ಹಾಕಿಕೊಂಡರೂ ಚರ್ಮದಂತೆ ಪಳಗದು. ಆ ಪದರ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಆಗಿದ್ದರಂತೂ ನಮ್ಮ ಕಡೆಯ ತೇವಕ್ಕೆ ಕೆಲವು ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ.

ಬಿಲ್ ಎಸೆಯುವ ಮೊದಲೇ ಜಾಕೆಟ್ ಹಾಕಿ, ಬೈಕಿನ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ಬೆನ್ನು, ಮೊಣಕೈ ಬಿಗಿಯಾಗಿದ್ದರೆ ಚಿಂತೆಯಿಲ್ಲ, ಅಲ್ಲಿ ಚರ್ಮ ಸಡಿಲುತ್ತದೆ. ಭುಜದ ಹೊಲಿಗೆ ಬಿಗಿಯಾಗಿದ್ದರೆ ಹಾಗೇ ಉಳಿಯುತ್ತದೆ, ಬದಲಾಯಿಸಿಕೊಳ್ಳಿ. ತೋಳು ಒಂಚೂರು ಉದ್ದವಿದ್ದರೆ ಒಳ್ಳೆಯದೇ. ಮೊಣಕೈಯಲ್ಲಿ ನೆರಿಗೆ ಬಿದ್ದ ಮೇಲೆ ಮೇಲಕ್ಕೆ ಸರಿಯುತ್ತದೆ.

ಇನ್ನು ಹಾಕಿಕೊಳ್ಳುವುದು. ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ತೆಳು ಕಾಟನ್ ಅಂಗಿಯ ಮೇಲೆ ದಿನಕ್ಕೆ ಒಂದೆರಡು ಗಂಟೆ ಮನೆಯಲ್ಲೇ ಹಾಕಿಕೊಂಡಿರಿ. ಪೇಪರ್ ಓದಿ, ಕಾಫಿ ಕುಡಿಯಿರಿ, ಮನೆಯವರು ನಕ್ಕರೆ ನಗಲಿ. ಮೈಯ ಬಿಸಿಗೆ ಚರ್ಮ ಬಾಗುತ್ತದೆ, ಅದೂ ನಿಮ್ಮ ಕೈ ಮಡಚುವ ಜಾಗದಲ್ಲೇ. ಆಮೇಲೆ ರಸ್ತೆಗಿಳಿಯಿರಿ. ಗಾಜನೂರು, ಮಂಡಗದ್ದೆ ದಾಟಿ ತುಂಗೆಯ ಪಕ್ಕದಲ್ಲೇ ತೀರ್ಥಹಳ್ಳಿಗೆ ಹೋಗುವ ಸುಮಾರು 60 ಕಿ.ಮೀ. ದಾರಿಯ ತಿರುವುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಹಾಕಿಕೊಳ್ಳದ ಹೊತ್ತಿನಲ್ಲಿ ಮೇಜಿನ ಮೇಲೆ ಹರಡಿ, ತೋಳನ್ನು ಮಣಿಕಟ್ಟಿನಿಂದ ಭುಜದವರೆಗೆ ಚಾಪೆ ಸುತ್ತಿದಂತೆ ಸುತ್ತಿ ಬಿಚ್ಚಿ. ಕಾಲರನ್ನು ಬೆರಳಲ್ಲಿ ಹಿಸುಕಿ. ಕೋಲಿನಿಂದ ಬಡಿಯುವುದು, ವಾಷಿಂಗ್ ಮೆಷಿನ್ನಿಗೆ ಹಾಕುವುದು ಬೇಡ. ಜಿಪ್ ಬಿಗಿಯಾಗಿದ್ದರೆ ಮೇಣದಬತ್ತಿ ಉಜ್ಜಿದರಾಯಿತು.

ನೀರಲ್ಲಿ ನೆನೆಸಿ ಮೈಮೇಲೆಯೇ ಒಣಗಿಸುವ ಸಲಹೆ ಕೊಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ: ಬಣ್ಣ ಬಿಡಬಹುದು, ಲೈನಿಂಗ್ ಕುಗ್ಗಬಹುದು. ಮಳೆಗೆ ಸಿಕ್ಕಿ ನೆನೆದರೆ ಅಗಲ ಹ್ಯಾಂಗರಿಗೆ ಹಾಕಿ ಫ್ಯಾನಿನ ಗಾಳಿಗೆ ಬಿಡಿ. ಒದ್ದೆ ಬಟ್ಟೆಯನ್ನೆಲ್ಲ ಬಚ್ಚಲೊಲೆ ಹತ್ತಿರ ನೇತುಹಾಕುವ ನಮ್ಮ ಅಭ್ಯಾಸ ಇಲ್ಲಿ ಮಾತ್ರ ನಡೆಯದು. ಒದ್ದೆ ಚರ್ಮಕ್ಕೆ ಬೆಂಕಿಯ ಕಾವು ತಗುಲಿದರೆ ನಾರು ಮುದುಡಿ ಗಟ್ಟಿಯಾಗುತ್ತದೆ, ಮತ್ತೆ ಸರಿಯಾಗದು. ಸುಡುಬಿಸಿಲೂ ಬೇಡ.

ಕೊಬ್ಬರಿ ಎಣ್ಣೆಯನ್ನಂತೂ ಮುಟ್ಟಿಸಬೇಡಿ. ಹದ ಮಾಡುವಾಗಲೇ ಚರ್ಮಕ್ಕೆ ಬೇಕಾದ ಎಣ್ಣೆಯಂಶ ಸೇರಿಸಿರುತ್ತಾರೆ. ಹೊಸದಕ್ಕೆ ಮತ್ತೆ ಹಚ್ಚಿದರೆ ಬಣ್ಣ ಕಪ್ಪಾಗಿ, ಧೂಳು ಮೆತ್ತಿ, ಚರ್ಮ ಜೋಲುತ್ತದೆ. ತಿಂಗಳುಗಟ್ಟಲೆ ಬಳಸಿದ ಮೇಲೆ ಒಣಗಿದಂತೆ ಕಂಡರೆ ಮಾತ್ರ ಲೆದರ್ ಕಂಡೀಷನರ್ ಸಾಕು. ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ, ನಂತರ ಉಳಿದ ಕಡೆ ತೆಳ್ಳಗೆ. ಶೂ ಪಾಲಿಶ್ ಬಳಿದರೆ ಬಣ್ಣ ಅಂಗಿಗೂ ಬೈಕ್ ಸೀಟಿಗೂ ಹತ್ತುತ್ತದೆ.

ಮಳೆಗಾಲದ ಮಾತೇ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಮುಚ್ಚಿಟ್ಟ ಬೀರುವಿನಲ್ಲಿ ಚಪ್ಪಲಿ, ಬೆಲ್ಟ್ ಎಲ್ಲಕ್ಕೂ ಬೂಷ್ಟು ಬರುವುದು ಮಲೆನಾಡಿನವರಿಗೆ ಗೊತ್ತೇ ಇದೆ. ಪ್ಲಾಸ್ಟಿಕ್ ಕವರ್ ತೆಗೆದುಬಿಡಿ, ಹಳೆಯ ಪಂಚೆ ಹೊದಿಸಿ, ಗಾಳಿಯಾಡುವ ಕಡೆ ತೂಗುಹಾಕಿ, ವಾರಕ್ಕೊಮ್ಮೆ ಹೊರತೆಗೆಯಿರಿ. ಬೂಷ್ಟು ಬಂದೇಬಿಟ್ಟರೆ ಜಗಲಿಗೆ ತಂದು ಒಣ ಬಟ್ಟೆಯಲ್ಲಿ ಒರೆಸಿ. ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ, ಅದರಿಂದ ಮತ್ತೊಮ್ಮೆ ಒರೆಸಿ ನೆರಳಲ್ಲಿ ಆರಲು ಬಿಡಿ. ಒರೆಸಿದ ಬಟ್ಟೆಯನ್ನು ಬೀರುವಿನ ಹತ್ತಿರ ತರಬೇಡಿ.