ಐರನ್‌ನಿಂದ ಸಿಲ್ವರ್‌ವರೆಗೆ: ವ್ಯಾಲರಂಟ್ ಆಟದಲ್ಲಿ ನನ್ನ ಹನ್ನೊಂದು ತಿಂಗಳು

ದಾವಣಗೆರೆಯಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುವ ನಾನು ವ್ಯಾಲರಂಟ್ ಎಂಬ, ಐವರ ಎರಡು ತಂಡಗಳು ಬಂದೂಕು ಹಿಡಿದು ಕಾದಾಡುವ ಕಂಪ್ಯೂಟರ್ ಆಟವನ್ನು ಆಡಲು ತೊಡಗಿದ್ದು ಮೂವತ್ತೆರಡನೆಯ ವಯಸ್ಸಿನಲ್ಲಿ. ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ನನ್ನ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟಿದ್ದ. ರಜೆ ಮುಗಿದು ಅವನು ಊರಿಗೆ ಹೋದ, ಆಟ ಇಲ್ಲೇ ಉಳಿಯಿತು. ಖಾತೆ 20ನೆಯ ಲೆವೆಲ್ ಮುಟ್ಟುವವರೆಗೆ ರ‍್ಯಾಂಕ್ ಪಂದ್ಯಗಳಿಗೆ ಪ್ರವೇಶವಿಲ್ಲವಾದ್ದರಿಂದ ಸುಮಾರು ಎರಡು ತಿಂಗಳು ಸಾಮಾನ್ಯ ಪಂದ್ಯಗಳನ್ನೇ ಆಡಿ, ಕೊನೆಗೊಮ್ಮೆ ರ‍್ಯಾಂಕ್ ಪಡೆದಾಗ ಸಿಕ್ಕಿದ್ದು ಐರನ್ 2. ಒಂಬತ್ತು ಶ್ರೇಣಿಗಳಲ್ಲಿ ಐರನ್ ಎಂಬುದು ಕಟ್ಟಕಡೆಯದು.

ಹೊಸಬರೆಲ್ಲರಂತೆ ನಾನೂ ಗುರಿ ಸರಿಯಾದರೆ ಎಲ್ಲವೂ ಸರಿಹೋಗುತ್ತದೆ ಎಂದುಕೊಂಡಿದ್ದೆ. ಅಕ್ಕನ ಮಗ ಫೋನಿನಲ್ಲಿ ಹೇಳಿದ ಮೊದಲ ಪಾಠವೂ ಅದೇ: "ಮಾಮ, ಓಡ್ತಾ ಹೊಡೀಬೇಡಿ, ನಿಂತು ಹೊಡೀರಿ. ಕ್ರಾಸ್‌ಹೇರ್ ನೆಲ ನೋಡ್ತಾ ಇರುತ್ತೆ ನಿಮ್ದು, ತಲೆ ಎತ್ತರಕ್ಕೆ ಇಟ್ಕೊಳಿ." ಪರದೆಯ ನಡುವಿನ ಗುರಿಯ ಗುರುತೇ ಕ್ರಾಸ್‌ಹೇರ್. ಅವನ ಮಾತು ನಿಜವಾಗಿತ್ತು. ವ್ಯಾಂಡಲ್ ಬಂದೂಕಿನ ಒಂದು ಗುಂಡು ಮೈಗೆ ಬಿದ್ದರೆ ಎದುರಾಳಿಯ ಆಯಸ್ಸಿನಲ್ಲಿ ಕಳೆಯುವುದು 40, ತಲೆಗೆ ಬಿದ್ದರೆ ಎಷ್ಟೇ ದೂರದಿಂದಲಾದರೂ 160. ದೊಡ್ಡ ಶೀಲ್ಡ್ ತೊಟ್ಟವನ ಒಟ್ಟು ಆಯಸ್ಸೇ 150. ಮೈಗೆ ನಾಲ್ಕು ಗುಂಡು ಬೇಕಾದಲ್ಲಿ ತಲೆಗೆ ಒಂದೇ ಸಾಕು. ಮೌಸಿನ ವೇಗವನ್ನು ಅರ್ಧಕ್ಕಿಳಿಸಿ, ದಿನವೂ ಹದಿನೈದು ನಿಮಿಷ ಅಭ್ಯಾಸದ ಅಂಗಳದಲ್ಲಿ ಬೊಂಬೆಗಳಿಗೆ ಹೊಡೆದು, ಎಲ್ಲರೂ ಎಲ್ಲರಿಗೂ ಹೊಡೆಯುವ ಡೆತ್‌ಮ್ಯಾಚ್ ಒಂದನ್ನು ಆಡಿದ ಮೇಲೆಯೇ ಪಂದ್ಯಕ್ಕೆ ಇಳಿಯುವುದನ್ನು ರೂಢಿಮಾಡಿಕೊಂಡೆ. ಮೂರು ತಿಂಗಳಲ್ಲಿ ಕೈ ಗಣನೀಯವಾಗಿ ಪಳಗಿತು, ಆದರೆ ರ‍್ಯಾಂಕ್ ಐರನ್ 3ರ ಆಚೆ ಅಲುಗಾಡಲಿಲ್ಲ.

ಆಗ ಮಾಡಿದ ಒಂದು ಕೆಲಸದಿಂದ ನನ್ನ ಆಟ ಬದಲಾಯಿತು. ಪಂದ್ಯಗಳನ್ನು ಓಬಿಎಸ್ ಎಂಬ ಪರದೆ ರೆಕಾರ್ಡ್ ಮಾಡುವ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿಕೊಂಡು, ಮರುದಿನ ನಾನು ಸತ್ತ ಸುತ್ತುಗಳನ್ನು ಮಾತ್ರ ನೋಡಿ, ಪ್ರತಿ ಸಾವಿಗೂ ನೋಟ್‌ಬುಕ್ಕಿನಲ್ಲಿ ಒಂದು ಸಾಲಿನ ಕಾರಣ ಬರೆಯತೊಡಗಿದೆ. ಮೊದಲ ಪಂದ್ಯದ ಹದಿನೇಳು ಸಾವುಗಳಲ್ಲಿ ಗುರಿ ತಪ್ಪಿ ಸತ್ತದ್ದು ನಾಲ್ಕೇ ನಾಲ್ಕು. ಉಳಿದವುಗಳ ಮುಂದೆ "ಒಬ್ಬನೇ ಹೋದೆ", "ಬಯಲಲ್ಲಿ ನಿಂತು ಗುಂಡು ತುಂಬಿದೆ", "ಹೋಗಬೇಕಾದ ಅಗತ್ಯವೇ ಇರಲಿಲ್ಲ" ಎಂದು ಬರೆದಿದ್ದೆ.

ಈ ಕೊನೆಯ ಬಗೆಯ ಸಾವೊಂದನ್ನು ವಿವರವಾಗಿ ಹೇಳಬೇಕು. ಅಸೆಂಟ್ ನಕ್ಷೆ, 12–11ರಲ್ಲಿ ನಾವು ಮುಂದಿದ್ದೆವು. 13 ಮುಟ್ಟಿದವರು ಗೆದ್ದಂತೆ. ಬಿ ಸೈಟಿನಲ್ಲಿ (ಬಾಂಬ್ ನೆಡುವ ಜಾಗಗಳಲ್ಲೊಂದು) ನಮ್ಮವರು ಸ್ಪೈಕ್, ಅಂದರೆ ಆಟದ ಬಾಂಬ್, ನೆಟ್ಟಿದ್ದರು, ಓಮೆನ್ ಎಂಬ ಪಾತ್ರದಲ್ಲಿದ್ದ ನಾನು ಮತ್ತು ಇನ್ನೊಬ್ಬ ಬದುಕಿದ್ದೆವು, ಎದುರಾಳಿ ಒಬ್ಬನೇ. ನೆಟ್ಟ ಸ್ಪೈಕ್ 45 ಸೆಕೆಂಡಿಗೆ ಸಿಡಿಯುತ್ತದೆ, ಅದನ್ನು ನಿಷ್ಕ್ರಿಯಗೊಳಿಸಲು 7 ಸೆಕೆಂಡು ಬೇಕು. ಅವನು ಸ್ಪೈಕನ್ನು ಒಮ್ಮೆ ಮುಟ್ಟಿ ಬಿಟ್ಟ. ಆ ಸದ್ದು ಕೇಳಿದ್ದೇ ತಡ ನಾನು ಅಡಗುತಾಣದಿಂದ ಹೊರಬಿದ್ದೆ, ಅವನು ನನ್ನ ದಾರಿಯನ್ನೇ ಕಾಯುತ್ತಿದ್ದ. ನಾನು ಸತ್ತ ಮರುಕ್ಷಣ ಜೊತೆಗಾರನೂ ಬೇರೆ ದಿಕ್ಕಿನಿಂದ ತಡವಾಗಿ ಓಡಿಬಂದು ಸತ್ತ. ರೆಕಾರ್ಡಿಂಗ್ ನಿಲ್ಲಿಸಿ ನಿಲ್ಲಿಸಿ ಲೆಕ್ಕ ಹಾಕಿದಾಗ, ಅವನು ಮುಟ್ಟಿಬಿಟ್ಟ ಆ ಗಳಿಗೆಯಲ್ಲಿ ಉಳಿದಿದ್ದುದು 11 ಸೆಕೆಂಡು ಎಂಬುದು ತಿಳಿಯಿತು. ಇನ್ನು ನಾಲ್ಕೈದು ಸೆಕೆಂಡು ನಾನು ಕೈಕಟ್ಟಿ ಕೂತಿದ್ದರೂ ಸಾಕಿತ್ತು, ಅವನು ಬೇರೆ ದಾರಿಯಿಲ್ಲದೆ ಸ್ಪೈಕಿನ ಮೇಲೆ ಬಗ್ಗಲೇಬೇಕಿತ್ತು, ನಾವಿಬ್ಬರೂ ಒಟ್ಟಿಗೆ ಹೊರಬರಬಹುದಿತ್ತು. ಆ ಪಂದ್ಯವನ್ನು ಹೆಚ್ಚುವರಿ ಸುತ್ತುಗಳಲ್ಲಿ ಸೋತೆವು. ಅಂದಿನಿಂದ ಸ್ಪೈಕ್ ನೆಟ್ಟ ಮೇಲೆ ನಾನು ಮೊದಲು ಕೇಳಿಕೊಳ್ಳುವುದು ಈಗ ಯಾರಿಗೆ ಅವಸರವಿದೆ ಎಂದು.

ಎರಡನೆಯ ಪಾಠ ಸುತ್ತಿಗೆ ಮುನ್ನ ಬಂದೂಕು, ಶೀಲ್ಡ್ ಕೊಳ್ಳುವ ಆಟದೊಳಗಿನ ಹಣದ್ದು, ಇದನ್ನು ಬರೆಯಲು ನನಗೆ ಸ್ವಲ್ಪ ನಾಚಿಕೆಯೇ. ಹಗಲೆಲ್ಲ ಪರರ ಜಮಾಖರ್ಚು ನೋಡುವವನು ರಾತ್ರಿ ಕೈಯಲ್ಲಿದ್ದಷ್ಟನ್ನೂ ಪ್ರತಿ ಸುತ್ತಿನಲ್ಲಿ ಸುರಿದುಬಿಡುತ್ತಿದ್ದೆ. ಮೊದಲ ಸುತ್ತಿಗೆ ಎಲ್ಲರಿಗೂ 800 ಕ್ರೆಡಿಟ್. ಅದನ್ನು ಖರ್ಚುಮಾಡಿ ಸೋತರೆ ಸಿಗುವುದು 1900, ಮತ್ತೆ ಸೋತರೆ 2400, ಮೂರನೆಯ ಸಲದಿಂದ 2900, ಗೆದ್ದರೆ 3000. ಎರಡನೆಯ ಸುತ್ತಿನಲ್ಲಿ ಆಸೆಗೆ ಬಿದ್ದು 1600ರ ಸ್ಪೆಕ್ಟರ್ ಬಂದೂಕು ಕೊಂಡು ಸೋತೆನೆನ್ನಿ, ಮೂರನೆಯದಕ್ಕೆ ಕೈಯಲ್ಲಿರುವುದು 2700, ಅಂದರೆ 2900ರ ವ್ಯಾಂಡಲ್ಲೂ ಇಲ್ಲ. ಅದೇ ಸುತ್ತನ್ನು ಬರಿಗೈಯಲ್ಲಿ ಕಳೆದಿದ್ದರೆ 4300 ಕೂಡಿ, ವ್ಯಾಂಡಲ್ ಹಾಗೂ 1000ದ ಶೀಲ್ಡ್ ಕೊಂಡ ಮೇಲೂ 400 ಉಳಿಯುತ್ತದೆ. ಖರೀದಿಯ ಪರದೆಯ ಮೇಲೆಯೇ ಮುಂದಿನ ಸುತ್ತಿಗೆ ಕನಿಷ್ಠ ಎಷ್ಟು ಸಿಗಲಿದೆ ಎಂದು ತೋರಿಸಿರುತ್ತಾರೆ, ನಾನು ಐದು ತಿಂಗಳು ಅದನ್ನು ನೋಡಿಯೇ ಇರಲಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಕೊಳ್ಳುವುದಾದರೂ ಉಳಿಸುವುದಾದರೂ ಐವರೂ ಒಟ್ಟಿಗೆ ಮಾಡಬೇಕು. ಇಬ್ಬರು ವ್ಯಾಂಡಲ್ ಹಿಡಿದು ಮೂವರು ಪಿಸ್ತೂಲಿನಲ್ಲಿ ಹೋದರೆ ಆ ಎರಡು ವ್ಯಾಂಡಲ್‌ಗಳು ಸಾಮಾನ್ಯವಾಗಿ ಎದುರಾಳಿಯ ಕೈ ಸೇರುತ್ತವೆ.

ಮೈಕಿನಲ್ಲಿ ಮಾತಾಡಲು ಮೊದಲು ತುಂಬಾ ಸಂಕೋಚವಿತ್ತು. ಮುಂಬೈ ಸರ್ವರಿನಲ್ಲಿ ಹಿಂದಿ, ಇಂಗ್ಲಿಷ್, ತಮಿಳು ಎಲ್ಲವೂ ಕೇಳಿಸುತ್ತದೆ, ನನ್ನ ಹಿಂದಿಯೋ ದೇವರಿಗೇ ಪ್ರೀತಿ. ಆದರೆ ಹೇಳಬೇಕಾದದ್ದು ಮೂರೇ ವಿಷಯ: ಎಷ್ಟು ಜನ, ಎಲ್ಲಿ, ಎಷ್ಟು ಪೆಟ್ಟಾಗಿದೆ. "ಒನ್ ಬಿ ಮೇನ್, ಹಿಟ್ ಏಯ್ಟಿ" (ಬಿ ಸೈಟಿನ ಮುಖ್ಯ ದಾರಿಯಲ್ಲಿ ಒಬ್ಬ, 80 ಪೆಟ್ಟಾಗಿದೆ) ಎಂದು ಹೇಳಿ ಸುಮ್ಮನಾದರೆ ಕೆಲಸ ಮುಗಿಯಿತು. ಸತ್ತ ಮೇಲೆ ಬದುಕಿರುವವನಿಗೆ ಸಲಹೆ ಕೊಡುತ್ತಾ ಹೋಗುವ ಚಟವನ್ನು ಬಿಡುವುದೇ ಹೆಚ್ಚು ಕಷ್ಟವಾಯಿತು, ಏಕೆಂದರೆ ಅವನು ಆಗ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟಿರುತ್ತಾನೆ. ಬೈಯುವವರನ್ನು ಮೊದಲ ಮಾತಿಗೇ ಮ್ಯೂಟ್ ಮಾಡುತ್ತೇನೆ, ಸತತ ಎರಡು ಪಂದ್ಯ ಸೋತರೆ ಅಂದಿಗೆ ಕಂಪ್ಯೂಟರ್ ಆರಿಸುತ್ತೇನೆ.

ಹನ್ನೊಂದನೆಯ ತಿಂಗಳಲ್ಲಿ ಸಿಲ್ವರ್ 1 ಆಯಿತು. ಅಕ್ಕನ ಮಗ ಬಹಳ ಮೇಲಿನ ಡೈಮಂಡ್ ಶ್ರೇಣಿಯಲ್ಲಿದ್ದಾನೆ, ಅವನಿಗೆ ಇದು ನಗುವ ವಿಷಯ. ಮೂರು ಸೈಟುಗಳಿರುವ ಹೇವನ್ ನಕ್ಷೆಯಲ್ಲಿ ಮಾತ್ರ ನಾನಿನ್ನೂ ಸೋಲುವುದೇ ಹೆಚ್ಚು: ಸಿ ಕಡೆ ಸದ್ದಾದ ಕೂಡಲೇ ಎ ಬಿಟ್ಟು ಓಡುತ್ತೇನೆ, ಅವರು ತಿರುಗಿ ಎಗೇ ಬರುತ್ತಾರೆ. ನೋಟ್‌ಬುಕ್ಕಿನ ಈ ವಾರದ ಪುಟದಲ್ಲಿ ಆ ಸಾಲು ಆರು ಸಲ ಬಂದಿದೆ.